ಧೂಮಕೇತು, ಕ್ಷುದ್ರಗ್ರಹ, ಉಲ್ಕೆ: ಪಾಠ ಮಾಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಈ ವಿಷಯ ಬಂದಾಗಲೆಲ್ಲ ಬೇರೆ ಶಾಲೆಗಳ ಮೇಷ್ಟ್ರುಗಳು, ಟೀಚರ್‌ಗಳು ಫೋನ್ ಮಾಡಿ ಕೇಳುತ್ತಾರೆ. ಪುಸ್ತಕದಲ್ಲಿ ಇದು ಬೇಗ ಮುಗಿದುಹೋಗುತ್ತದೆ, ಮಕ್ಕಳ ಪ್ರಶ್ನೆಗಳು ಮುಗಿಯುವುದಿಲ್ಲ. ಜಾಸ್ತಿ ಕೇಳಿಬಂದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ.

ಮಕ್ಕಳು ಧೂಮಕೇತು, ಕ್ಷುದ್ರಗ್ರಹ, ಉಲ್ಕೆ, ಉಲ್ಕಾಶಿಲೆ ಎಲ್ಲವನ್ನೂ ಒಂದೇ ಅಂದುಕೊಳ್ಳುತ್ತಾರೆ. ಬಿಡಿಸಿ ಹೇಳುವುದು ಹೇಗೆ?

ವ್ಯಾಖ್ಯೆ ಬರೆಸಿ ಬಾಯಿಪಾಠ ಮಾಡಿಸಬೇಡಿ. ಎರಡೇ ಪ್ರಶ್ನೆ ಕೇಳಿ. ಅದು ಯಾವುದರಿಂದ ಆಗಿದೆ? ಈಗ ಎಲ್ಲಿದೆ?

ಕಲ್ಲು ಅಥವಾ ಲೋಹದಿಂದ ಆಗಿ, ಸೂರ್ಯನನ್ನು ಸುತ್ತುತ್ತಿದ್ದರೆ ಅದು ಕ್ಷುದ್ರಗ್ರಹ. ಇವುಗಳಲ್ಲಿ ಹೆಚ್ಚಿನವು ಮಂಗಳ ಮತ್ತು ಗುರುವಿನ ನಡುವೆ ಇವೆ. ಮಂಜುಗಡ್ಡೆ, ದೂಳು, ಕಲ್ಲು ಸೇರಿದ ಗಡ್ಡೆಯಾಗಿದ್ದು, ಸೂರ್ಯನ ಹತ್ತಿರ ಬಂದಾಗ ಬಾಲ ಬಿಟ್ಟರೆ ಧೂಮಕೇತು. ಯಾವುದೇ ಚೂರು ನಮ್ಮ ಗಾಳಿಯೊಳಗೆ ನುಗ್ಗಿದಾಗ ಕಾಣುವ ಬೆಳಕಿನ ಗೆರೆಗೆ ಉಲ್ಕೆ ಅನ್ನುತ್ತೇವೆ. ಪೂರ್ತಿ ಸುಟ್ಟುಹೋಗದೆ ನೆಲಕ್ಕೆ ಬಿದ್ದ ತುಂಡು ಉಲ್ಕಾಶಿಲೆ.

ಹಳ್ಳಿಯ ಮಕ್ಕಳು "ನಕ್ಷತ್ರ ಬಿತ್ತು" ಅನ್ನುತ್ತಾರೆ. ಆ ಮಾತನ್ನು ತಪ್ಪು ಅಂತ ಹೊಡೆದುಹಾಕಬೇಡಿ. "ಸರಿ, ಬಿದ್ದ ಮೇಲೆ ಆಕಾಶದಲ್ಲಿ ಒಂದು ನಕ್ಷತ್ರ ಕಡಿಮೆ ಆಯಿತಾ? ನಾಳೆ ರಾತ್ರಿ ನೋಡಿ ಬನ್ನಿ" ಅನ್ನಿ. ಮಾರನೇ ದಿನ ಉತ್ತರ ಅವರೇ ತರುತ್ತಾರೆ.

ಉಲ್ಕೆ ಗಾಳಿಯ ತಿಕ್ಕಾಟದಿಂದ ಉರಿಯುತ್ತದೆ ಅಂತ ಹೇಳಿಕೊಡುತ್ತೇವೆ. ಅದು ಸರಿಯಾ?

ಪೂರ್ತಿ ಸರಿ ಅಲ್ಲ. ಆ ಚೂರು ಸೆಕೆಂಡಿಗೆ 11ರಿಂದ 72 ಕಿ.ಮೀ. ವೇಗದಲ್ಲಿ ಬರುತ್ತದೆ. ಅದರ ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತೇ ಇರುವುದಿಲ್ಲ. ಗಾಳಿ ಒಮ್ಮೆಲೇ ಒತ್ತಿಹೋಗಿ ವಿಪರೀತ ಬಿಸಿಯಾಗುತ್ತದೆ. ಕಲ್ಲನ್ನು ಕರಗಿಸುವುದು ಮುಖ್ಯವಾಗಿ ಆ ಬಿಸಿ. ತರಗತಿಗೆ ಒಂದು ಸೈಕಲ್ ಪಂಪು ತನ್ನಿ. ತುದಿಯನ್ನು ಬೆರಳಲ್ಲಿ ಒತ್ತಿ ಹಿಡಿದು ಹತ್ತಿಪ್ಪತ್ತು ಸಲ ಹೊಡೆಸಿ. ಪಂಪಿನ ತಳ ಬಿಸಿಯಾಗಿದ್ದು ಕೈಗೇ ಗೊತ್ತಾಗುತ್ತದೆ.

ಹಾಗಾದರೆ ಕೆಳಗೆ ಬಿದ್ದ ಉಲ್ಕಾಶಿಲೆ ಕೆಂಡದ ಹಾಗೆ ಇರುತ್ತದಾ?

ಸಾಮಾನ್ಯವಾಗಿ ಇಲ್ಲ. ಕೆಲವೇ ಸೆಕೆಂಡುಗಳ ಬಿಸಿ, ಕರಗಿದ ಹೊರಪದರ ಗಾಳಿಯಲ್ಲೇ ಹಾರಿಹೋಗುತ್ತದೆ. ಒಳಗೆ ಬಾಹ್ಯಾಕಾಶದ ತಂಪು ಹಾಗೇ ಉಳಿದಿರುತ್ತದೆ.

ಬಂಡೆ ಬಡಿದಾಗ ನೆಲದಲ್ಲಿ ಕುಳಿ ಬೀಳುವುದನ್ನು ತೋರಿಸುವ ಪ್ರಯೋಗವನ್ನು ಖರ್ಚಿಲ್ಲದೆ ಮಾಡುವುದು ಹೇಗೆ?

ನನಗೆ ಈ ಪಾಠದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಬೇರೆ ದೇಶದ ವಿಡಿಯೊಗಳಲ್ಲಿ ಹಿಟ್ಟು ಸುರಿದು ಮಾಡುತ್ತಾರೆ. ಬಿಸಿಯೂಟ ಉಣ್ಣುವ ಮಕ್ಕಳ ಮುಂದೆ ಹಿಟ್ಟು ಚೆಲ್ಲಲು ನನಗೆ ಮನಸ್ಸು ಬರುವುದಿಲ್ಲ. ಅದರ ಅಗತ್ಯವೂ ಇಲ್ಲ.

ಅಗಲವಾದ ಬಾಣಲಿ, ಇಲ್ಲವೇ ಗಾರೆ ಕೆಲಸದವರ ಬಾಂಡ್ಲಿ ತಗೊಳ್ಳಿ. ಜರಡಿ ಹಿಡಿದ ಒಣ ಮರಳನ್ನು ನಾಲ್ಕು ಬೆರಳು ದಪ್ಪ ಹಾಕಿ. ಮೇಲೆ ಬಿಳಿ ರಂಗೋಲಿ ಪುಡಿ ಒಂದು ಬೆರಳು ದಪ್ಪ. ಅದರ ಮೇಲೆ ಇಟ್ಟಿಗೆ ಪುಡಿಯನ್ನು ತೆಳ್ಳಗೆ ಉದುರಿಸಿ, ಬಿಳಿ ಕಾಣದಷ್ಟು ಸಾಕು. ಬಾಂಡ್ಲಿಯ ಕೆಳಗೆ ಹಳೆ ಪೇಪರ್ ಹಾಸಿ. ಈಗ ಒಂದು ಗೋಲಿಯನ್ನು ಮೊಣಕಾಲಿನ ಎತ್ತರದಿಂದ, ಆಮೇಲೆ ಸೊಂಟದ ಎತ್ತರದಿಂದ, ಆಮೇಲೆ ತಲೆಯ ಎತ್ತರದಿಂದ ಬಿಡಿಸಿ. ಎಸೆಯಬಾರದು, ಸುಮ್ನೆ ಕೈ ಬಿಡಬೇಕು. ಪ್ರತಿ ಸಲವೂ ಕುಳಿಯ ಅಗಲವನ್ನು ಸ್ಕೇಲಿನಲ್ಲಿ ಅಳೆದು ಬರೆದುಕೊಳ್ಳಲಿ. ಒಂದೇ ಎತ್ತರದಿಂದ ಮೂರು ಸಲವಾದರೂ ಬಿಟ್ಟು ಸರಾಸರಿ ತೆಗೆಯಲಿ.

ಕೆಂಪು ಪುಡಿಯ ಮೇಲೆ ಬಿಳಿ ಗೆರೆಗಳು ಸುತ್ತಲೂ ಚಿಮ್ಮಿರುವುದನ್ನು ಮಕ್ಕಳೇ ಮೊದಲು ಗಮನಿಸುತ್ತಾರೆ. ಕೆಳಗಿನ ಪದರ ಮೇಲೆ ಬಂದಿದೆ. ಆ ವಾರ ಹುಣ್ಣಿಮೆ ಇದ್ದರೆ ಇನ್ನೂ ಒಳ್ಳೆಯದು. ಯಾರ ಹತ್ತಿರವಾದರೂ ಬೈನಾಕ್ಯುಲರ್ ಇದ್ದರೆ ಚಂದ್ರನ ದಕ್ಷಿಣ ಭಾಗದಲ್ಲಿ ಟೈಕೊ ಕುಳಿಯನ್ನು ತೋರಿಸಿ. ಅದರ ಸುತ್ತಲೂ ಅದೇ ರೀತಿ ಬಿಳಿ ಗೆರೆಗಳು ಹರಡಿವೆ. "ಸಾರ್, ನಮ್ಮ ಬಾಂಡ್ಲಿ!" ಅಂತ ಒಬ್ಬಳು ಹುಡುಗಿ ಕೂಗಿದ್ದು ನನಗಿನ್ನೂ ನೆನಪಿದೆ.

ಪ್ರಯೋಗದಲ್ಲಿ ಗೋಲಿಯನ್ನು ಓರೆಯಾಗಿ ಬಿಟ್ಟರೆ ಕುಳಿ ಉದ್ದವಾಗುತ್ತದೆ. ನಿಜವಾದ ಕುಳಿಗಳು ಮಾತ್ರ ದುಂಡಗಿರುತ್ತವೆ. ಯಾಕೆ?

ಬಾಂಡ್ಲಿ ಪ್ರಯೋಗ ಎಲ್ಲಿ ಸೋಲುತ್ತದೆ ಅನ್ನುವುದನ್ನು ಮಕ್ಕಳಿಗೆ ಹೇಳಲೇಬೇಕು. ನಮ್ಮ ಗೋಲಿ ಮರಳನ್ನು ತಳ್ಳುತ್ತದೆ, ಅಷ್ಟೇ. ಬಾಹ್ಯಾಕಾಶದ ಬಂಡೆ ನೆಲಕ್ಕೆ ಬಡಿದಾಗ ಆಗುವುದು ಸ್ಫೋಟ. ಬಂಡೆಯ ಹೆಚ್ಚಿನ ಭಾಗ ಕರಗಿ ಆವಿಯಾಗುತ್ತದೆ. ಸ್ಫೋಟ ಎಲ್ಲ ಕಡೆಗೂ ಒಂದೇ ಸಮ ಹರಡುವುದರಿಂದ, ಬಂಡೆ ತೀರಾ ಮಲಗಿದ ಹಾಗೆ ಬಂದರೆ ಹೊರತು, ಕುಳಿ ದುಂಡಗೇ ಆಗುತ್ತದೆ.

ಅಳತೆಯಲ್ಲೂ ವ್ಯತ್ಯಾಸ ಇದೆ. ಬಾಂಡ್ಲಿಯಲ್ಲಿ ಕುಳಿ ಗೋಲಿಗಿಂತ ಮೂರು ನಾಲ್ಕು ಪಟ್ಟು ಅಗಲ ಇರಬಹುದು. ಅಮೆರಿಕದ ಅರಿಜೋನಾದಲ್ಲಿ ಬ್ಯಾರಿಂಜರ್ ಕುಳಿ ಇದೆ. ಸುಮಾರು 50 ಸಾವಿರ ವರ್ಷಗಳ ಹಿಂದೆ 50 ಮೀಟರ್ ಆಸುಪಾಸಿನ ಕಬ್ಬಿಣದ ಬಂಡೆ ಬಿದ್ದು ಆದದ್ದು. ಅದರ ಅಗಲ ಸುಮಾರು 1.2 ಕಿ.ಮೀ. ಇಪ್ಪತ್ತು ಪಟ್ಟಿಗೂ ಜಾಸ್ತಿ!

ಇಷ್ಟು ಶಕ್ತಿ ಎಲ್ಲಿಂದ ಬಂತು ಅಂತ ಕೇಳಿದರೆ ಒಂಬತ್ತನೇ ತರಗತಿಯ ಚಲನ ಶಕ್ತಿಯ ಸೂತ್ರ ಸಾಕು. ಒಂದು ಕೆ.ಜಿ. ಕಲ್ಲು ಸೆಕೆಂಡಿಗೆ 20 ಕಿ.ಮೀ. ವೇಗದಲ್ಲಿ ಬಂದರೆ ಅದರ ಶಕ್ತಿ 20 ಕೋಟಿ ಜೂಲ್. ಹತ್ತು ಟನ್ ತೂಕದ ಬಸ್ಸು ಗಂಟೆಗೆ 72 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ 20 ಲಕ್ಷ ಜೂಲ್. ಅಂದರೆ ಆ ಒಂದು ಕೆ.ಜಿ. ಕಲ್ಲಿನಲ್ಲಿ ನೂರು ಬಸ್ಸುಗಳ ಶಕ್ತಿ ಇದೆ. ಈ ಲೆಕ್ಕವನ್ನು ನೀವು ಬೋರ್ಡಿನ ಮೇಲೆ ಮಾಡಿಬಿಡಬೇಡಿ. ಮಕ್ಕಳೇ ಮಾಡಲಿ. ಸೊನ್ನೆಗಳನ್ನು ಎಣಿಸುವಾಗ ಅವರ ಮುಖ ನೋಡಬೇಕು.

ಇತ್ತೀಚೆಗೆ ಎಲ್ಲಾದರೂ ಬಿದ್ದು ಜನರಿಗೆ ತೊಂದರೆ ಆಗಿದೆಯಾ?

ಆಗಿದೆ. ಈ ಘಟನೆಯನ್ನು ಪ್ರತಿ ತರಗತಿಯಲ್ಲೂ ಹೇಳಬೇಕು ಅಂತ ನಾನು ಒತ್ತಾಯ ಮಾಡುತ್ತೇನೆ.

2013ರ ಫೆಬ್ರವರಿ 15, ರಷ್ಯಾದ ಚೆಲ್ಯಾಬಿನ್ಸ್ಕ್ ನಗರ. ಬೆಳಗ್ಗೆ ಒಂಬತ್ತೂಕಾಲು ದಾಟಿತ್ತು. ಮಕ್ಕಳೆಲ್ಲ ಶಾಲೆಯಲ್ಲಿದ್ದರು. ಸುಮಾರು 20 ಮೀಟರ್ ಅಗಲದ ಬಂಡೆಯೊಂದು ಸೆಕೆಂಡಿಗೆ 19 ಕಿ.ಮೀ. ವೇಗದಲ್ಲಿ ಬಂದು, ಹತ್ತಿರ ಹತ್ತಿರ 30 ಕಿ.ಮೀ. ಎತ್ತರದಲ್ಲಿ ಸಿಡಿಯಿತು. ಕ್ಷಣಕಾಲ ಸೂರ್ಯನಿಗಿಂತ ಜೋರಾದ ಬೆಳಕು. ಏನಾಯಿತು ಅಂತ ನೋಡಲು ಜನ ಕಿಟಕಿಗೆ ಓಡಿದರು. ನಾವಾಗಿದ್ದರೂ ಅದನ್ನೇ ಮಾಡುತ್ತಿದ್ದೆವು, ಅಲ್ವಾ?

ಎರಡು ನಿಮಿಷಕ್ಕೂ ಸ್ವಲ್ಪ ಜಾಸ್ತಿ ಹೊತ್ತು ಎಲ್ಲ ಶಾಂತವಾಗಿತ್ತು. ಆಮೇಲೆ ಆಘಾತದ ಅಲೆ ಬಂದು ಊರಿಗೆ ಬಡಿಯಿತು. ಸಾವಿರಾರು ಕಟ್ಟಡಗಳ ಕಿಟಕಿ ಗಾಜು ಪುಡಿಯಾಯಿತು. ಸುಮಾರು 1,500 ಜನ ಗಾಯಗೊಂಡರು, ಹೆಚ್ಚಿನವರಿಗೆ ಆಗಿದ್ದು ಗಾಜಿನ ಗಾಯ. ಯಾರೂ ಸಾಯಲಿಲ್ಲ.

ಆ ಊರಿನ ಒಬ್ಬ ಟೀಚರ್ ತರಗತಿಯಲ್ಲಿ ನಾಲ್ಕನೇ ಕ್ಲಾಸಿನ 44 ಮಕ್ಕಳಿದ್ದರು. ಬೆಳಕು ಕಂಡ ಕೂಡಲೇ ಅವರು ಎಲ್ಲರನ್ನೂ ಡೆಸ್ಕಿನ ಕೆಳಗೆ ಕೂರಿಸಿದರು. ಅದೇನು ಬೆಳಕು ಅಂತ ಅವರಿಗೆ ಗೊತ್ತಿರಲಿಲ್ಲ. ಗಾಜು ಒಡೆದು ಬಂದಾಗ ಅವರ ತೋಳಿಗೆ ಪೆಟ್ಟಾಯಿತು. ಒಂದು ಮಗುವಿಗೂ ಗಾಜು ತಗುಲಲಿಲ್ಲ. ಇದನ್ನು ಹೇಳುವಾಗ ಪ್ರತಿ ಸಲವೂ ನನ್ನ ದನಿ ಸ್ವಲ್ಪ ತಡೆಯುತ್ತದೆ.

ಕಥೆ ಮುಗಿದ ಮೇಲೆ ಕೇಳಿ: ಬೆಳಕು ಮೊದಲು, ಸದ್ದು ಆಮೇಲೆ, ಯಾಕೆ? ಮಿಂಚು ಗುಡುಗು ನೋಡಿ ಬೆಳೆದ ನಮ್ಮ ಮಕ್ಕಳಿಗೆ ಇದು ಕಷ್ಟವೇ ಅಲ್ಲ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ಬರುತ್ತದೆ. ಮುಂಗಾರು ಮೊದಲಿನ ಮಳೆಯಲ್ಲಿ ಮಿಂಚು ಕಂಡಾಗಿನಿಂದ ಎಣಿಸಿ, ಮೂರರಿಂದ ಭಾಗಿಸಿ ದೂರ ಹೇಳಲಿ. ಆಮೇಲೆ ಚೆಲ್ಯಾಬಿನ್ಸ್ಕ್‌ನ ಎರಡು ನಿಮಿಷಕ್ಕೂ ಅದೇ ಲೆಕ್ಕ ಹಾಕಲಿ. ಆಕಾಶದಲ್ಲಿ ಭಾರೀ ಬೆಳಕು ಕಂಡರೆ ಕಿಟಕಿಯಿಂದ ದೂರ ಸರಿಯಬೇಕು ಅನ್ನುವುದು ತಾನಾಗಿ ತಲೆಯಲ್ಲಿ ಉಳಿಯುತ್ತದೆ.

ಇದಕ್ಕಿಂತ ದೊಡ್ಡದು?

1908ರ ಜೂನ್ 30ರಂದು ಸೈಬೀರಿಯದ ತುಂಗುಸ್ಕಾದಲ್ಲಿ. ಗಾಳಿಯಲ್ಲೇ ಸಿಡಿದದ್ದರಿಂದ ದೊಡ್ಡ ಕುಳಿ ಸಿಕ್ಕಿಲ್ಲ. 2,000 ಚದರ ಕಿ.ಮೀ.ಗೂ ಜಾಸ್ತಿ ಕಾಡು ನೆಲಕಚ್ಚಿತು. ಲಿಯೊನಿಡ್ ಕುಲಿಕ್ ಎಂಬ ವಿಜ್ಞಾನಿಯ ತಂಡ ಅಲ್ಲಿಗೆ ತಲುಪಿದ್ದು 1927ರಲ್ಲಿ. ಅಷ್ಟು ವರ್ಷಗಳ ಮೇಲೂ ಮರಗಳು ಬಿದ್ದೇ ಇದ್ದವು. ಜೂನ್ 30 ಈಗ ಅಂತಾರಾಷ್ಟ್ರೀಯ ಕ್ಷುದ್ರಗ್ರಹ ದಿನ. ನಮ್ಮಲ್ಲಿ ಆಗ ತರಗತಿಗಳು ನಡೆಯುತ್ತಿರುತ್ತವೆ, ಪ್ರಾರ್ಥನೆಯ ಹೊತ್ತಿಗೆ ಐದು ನಿಮಿಷ ಇದಕ್ಕೆ ಕೊಡಬಹುದು.

ಡೈನೊಸಾರ್‌ಗಳು ಸತ್ತದ್ದು ಕ್ಷುದ್ರಗ್ರಹದಿಂದಲೇ ಅಂತ ಖಚಿತವಾಗಿ ಹೇಳಬಹುದಾ?

6.6 ಕೋಟಿ ವರ್ಷಗಳ ಹಿಂದೆ ಮೆಕ್ಸಿಕೊದ ಯುಕಟಾನ್ ಬಳಿ ಸುಮಾರು 10 ಕಿ.ಮೀ. ಅಗಲದ ಬಂಡೆ ಬಿದ್ದದ್ದು ಖಚಿತ. ಎವರೆಸ್ಟ್ ಎತ್ತರಕ್ಕಿಂತ ದೊಡ್ಡದು. ಅಲ್ಲಿನ ಚಿಕ್ಷುಲೂಬ್ ಕುಳಿಯ ಅಗಲ ಸುಮಾರು 180 ಕಿ.ಮೀ. ಬೆಂಗಳೂರಿನಿಂದ ಹಾಸನಕ್ಕೆ ರಸ್ತೆಯಲ್ಲಿ ಹೋದಷ್ಟು ದೂರ ಅಂತ ನಾನು ಹೇಳುತ್ತೇನೆ. ಈಗ ಅದು ಮಣ್ಣು ಮತ್ತು ಸಮುದ್ರದ ಅಡಿ ಹೂತಿದೆ.

ಈ ಪತ್ತೆದಾರಿಯ ಕಥೆ ಡೈನೊಸಾರ್‌ಗಳ ಕಥೆಗಿಂತಲೂ ಚೆನ್ನಾಗಿದೆ. ಇಟಲಿಯ ಗುಬ್ಬಿಯೊ ಬಳಿಯ ಬಂಡೆಗಳಲ್ಲಿ ತೆಳುವಾದ ಒಂದು ಜೇಡಿಪದರ. ಅದರಲ್ಲಿ ಇರಿಡಿಯಂ ಲೋಹ ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ಭೂಮಿಯ ಮೇಲ್ಪದರದಲ್ಲಿ ಅಪರೂಪವಾದ ಈ ಲೋಹ ಉಲ್ಕಾಶಿಲೆಗಳಲ್ಲಿ ಹೇರಳ. ಲೂಯಿಸ್ ಆಲ್ವರೆಜ್, ಅವರ ಮಗ ವಾಲ್ಟರ್ ಮತ್ತು ಜೊತೆಗಾರರು 1980ರಲ್ಲಿ "ಇದು ಹೊರಗಿನಿಂದ ಬಂದದ್ದು" ಅಂದರು. ಆಗ ಕುಳಿ ಎಲ್ಲಿದೆ ಅಂತ ಅವರಿಗೆ ತೋರಿಸಲು ಆಗಲಿಲ್ಲ. ಅದು ಖಚಿತವಾದದ್ದು 1990ರ ದಶಕದಲ್ಲಿ. ಸಾಕ್ಷಿ ಮೊದಲು, ಕುಳಿ ಆಮೇಲೆ.

ಈ ಕಥೆಯ ಇನ್ನೊಂದು ತುದಿ ನಮ್ಮ ಕಾಲ ಕೆಳಗೇ ಇದೆ. ಅದೇ ಕಾಲದ ಆಸುಪಾಸಿನಲ್ಲಿ ಮಹಾರಾಷ್ಟ್ರ ಮತ್ತು ಸುತ್ತಮುತ್ತ ಲಕ್ಷಾಂತರ ವರ್ಷ ಲಾವಾ ಉಕ್ಕಿ ಹರಿಯಿತು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆಯ ಕಪ್ಪು ಕಲ್ಲು, ಅದರಿಂದಾದ ಎರೆಮಣ್ಣು ಆ ಲಾವಾದಿಂದ ಬಂದದ್ದೇ. ಡೈನೊಸಾರ್‌ಗಳ ಸಾವಿನಲ್ಲಿ ಈ ಲಾವಾದ ಪಾಲು ಎಷ್ಟು ಅನ್ನುವ ಚರ್ಚೆ ಇನ್ನೂ ನಡೆಯುತ್ತಿದೆ. ಹೆಚ್ಚಿನ ವಿಜ್ಞಾನಿಗಳು ದೊಡ್ಡ ಪೆಟ್ಟು ಬಂಡೆಯದ್ದೇ ಅನ್ನುತ್ತಾರೆ. ಆ ಭಾಗದ ಶಾಲೆಯವರು ಒಂದು ಹಿಡಿ ಎರೆಮಣ್ಣನ್ನು ಮೇಜಿನ ಮೇಲಿಟ್ಟುಕೊಂಡು ಪಾಠ ಶುರು ಮಾಡಿ.

ಮಕ್ಕಳಿಗೆ ನಿಜವಾದ ಕುಳಿ ತೋರಿಸಬೇಕು. ಎಲ್ಲಿಗೆ ಹೋಗಬಹುದು?

ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್‌ಗೆ. ಅಜಂತಾ, ಎಲ್ಲೋರಾಕ್ಕೆ ಪ್ರವಾಸ ಹೋಗುವ ಶಾಲೆಗಳು ಇನ್ನೊಂದು ದಿನ ಸೇರಿಸಿಕೊಂಡರೆ ಆಯಿತು. ಸುಮಾರು 1.8 ಕಿ.ಮೀ. ಅಗಲದ ದುಂಡನೆ ಕುಳಿ, ಒಳಗೆ ಉಪ್ಪುಪ್ಪಾದ ಸವಳು ನೀರಿನ ಕೆರೆ. ಮೊದಲು ಇದರ ವಯಸ್ಸು ಸುಮಾರು 50 ಸಾವಿರ ವರ್ಷ ಅಂತಿದ್ದರು. ಕಲ್ಲಿನೊಳಗಿನ ಆರ್ಗಾನ್ ಅನಿಲದಿಂದ ವಯಸ್ಸು ಹೇಳುವ ವಿಧಾನದಲ್ಲಿ ಅಳೆದಾಗ 5.7 ಲಕ್ಷ ವರ್ಷದ ಹತ್ತಿರ ಬಂತು. 2020ರ ಜೂನ್‌ನಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗಿ ಸುದ್ದಿಯಾಗಿತ್ತು, ಉಪ್ಪು ಹೆಚ್ಚಿದಾಗ ಬೆಳೆಯುವ ಸೂಕ್ಷ್ಮಜೀವಿಗಳ ಕೆಲಸ ಅದು.

ಚಂದ್ರನಲ್ಲೂ ಮಂಗಳದಲ್ಲೂ ಇರುವಂಥ ಬಸಾಲ್ಟ್ ಕಲ್ಲಿನಲ್ಲಿ (ಲಾವಾ ಆರಿ ಆದ ಕಪ್ಪು ಕಲ್ಲು) ಆದ, ಇಷ್ಟು ಚೆನ್ನಾಗಿ ಉಳಿದ ಕುಳಿ ಭೂಮಿಯ ಮೇಲೆ ತೀರಾ ಅಪರೂಪ. ವಿಷ್ಣು ಲವಣಾಸುರನನ್ನು ಇಲ್ಲಿ ಕೊಂದ ಅಂತ ಊರವರು ಹೇಳುತ್ತಾರೆ. ಆ ಕಥೆಯನ್ನೂ ಮಕ್ಕಳು ಕೇಳಲಿ. ಇಲ್ಲಿ ಏನೋ ಭಾರೀ ಘಟನೆ ನಡೆದಿರಬೇಕು ಅಂತ ಹಿಂದಿನವರಿಗೂ ಅನ್ನಿಸಿತ್ತು ನೋಡಿ. ಅದು ವನ್ಯಜೀವಿ ಧಾಮ, ಕಲ್ಲು ಹೆಕ್ಕಿಕೊಂಡು ಬರಬಾರದು.

ಟಿವಿಯಲ್ಲಿ "ಭೂಮಿಗೆ ಅಪ್ಪಳಿಸಲಿದೆ" ಅಂತ ಬಂದಾಗ ಮಕ್ಕಳು ಹೆದರುತ್ತಾರೆ. ಏನು ಹೇಳಬೇಕು?

ಮೊದಲು, ಅವರ ಹೆದರಿಕೆ ನೋಡಿ ನಗಬೇಡಿ. "ಸುಮ್ನೆ ಇರು, ಏನೂ ಆಗಲ್ಲ" ಅಂದರೆ ಮಗು ಸುಮ್ಮನಾಗುತ್ತದೆ, ಭಯ ಹೋಗುವುದಿಲ್ಲ. ಒಂದು ವರ್ಷ ನನ್ನ ತರಗತಿಯ ಹುಡುಗನೊಬ್ಬ ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಅವನ ಕೈಯಲ್ಲೇ ದೂರದ ಲೆಕ್ಕ ಹಾಕಿಸಿದೆ. ಚಂದ್ರ 3.84 ಲಕ್ಷ ಕಿ.ಮೀ. ದೂರದಲ್ಲಿದ್ದಾನೆ. ಸುದ್ದಿಯಲ್ಲಿ "ತೀರಾ ಸಮೀಪ" ಅಂದ ಬಂಡೆ ಅದರ ಎಷ್ಟು ಪಟ್ಟು ದೂರ? ಲೆಕ್ಕ ಮುಗಿದಾಗ ಅವನೇ "ಇದು ಸಮೀಪ ಹೇಗಾಯಿತು?" ಅಂತ ಕೇಳಿದ.

ಇನ್ನೊಂದು ವಿಷಯ ಮಕ್ಕಳನ್ನೂ ದೊಡ್ಡವರನ್ನೂ ಕಾಡುತ್ತದೆ. 2024ರ ಕೊನೆಯಲ್ಲಿ ಪತ್ತೆಯಾದ 2024 ವೈಆರ್4 ಎಂಬ ಸುಮಾರು 60 ಮೀಟರ್ ಬಂಡೆ 2032ರಲ್ಲಿ ಭೂಮಿಗೆ ಬಡಿಯುವ ಸಾಧ್ಯತೆ 2025ರ ಫೆಬ್ರವರಿಯಲ್ಲಿ ನೂರಕ್ಕೆ 3ರವರೆಗೆ ಏರಿ, ಕೆಲವೇ ದಿನಗಳಲ್ಲಿ ಇಲ್ಲವೆನ್ನುವಷ್ಟು ಇಳಿಯಿತು. ವಿಜ್ಞಾನಿಗಳು ಮಾತು ಬದಲಿಸಿದರಾ? ಇಲ್ಲ. ಬೋರ್ಡಿನ ಮೇಲೆ ದೊಡ್ಡ ವೃತ್ತ ಬರೆಯಿರಿ. ಬಂಡೆ ಇದರೊಳಗೆ ಎಲ್ಲಾದರೂ ಹೋಗಬಹುದು. ಒಳಗೆ, ಅಂಚಿನ ಕಡೆ ಒಂದು ಚುಕ್ಕಿ ಇಡಿ, ಅದು ಭೂಮಿ. ಅಳತೆ ಸುಧಾರಿಸಿದ ಹಾಗೆ ವೃತ್ತ ಚಿಕ್ಕದಾಗುತ್ತದೆ. ಚುಕ್ಕಿ ಇನ್ನೂ ಒಳಗೇ ಇರುವ ತನಕ ವೃತ್ತದಲ್ಲಿ ಅದರ ಪಾಲು ಏರುತ್ತಲೇ ಹೋಗುತ್ತದೆ. ಒಂದು ಹಂತದಲ್ಲಿ ಚುಕ್ಕಿ ಹೊರಗೆ ಉಳಿಯುತ್ತದೆ, ಪಾಲು ಸೊನ್ನೆ.

2029ರ ಏಪ್ರಿಲ್ 13ರ ಅಪೋಫಿಸ್ ಬಗ್ಗೆಯೂ ಕೇಳುತ್ತಾರೆ. 300 ಮೀಟರಿಗಿಂತ ದೊಡ್ಡ ಬಂಡೆ, ಭೂಮಿಯ ಮೇಲ್ಮೈಯಿಂದ ಸುಮಾರು 32,000 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಹಾಸನದ ಕೇಂದ್ರದಿಂದ ನಿಯಂತ್ರಿಸುವ ನಮ್ಮ ಸಂಪರ್ಕ ಉಪಗ್ರಹಗಳು ಇರುವುದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅದಕ್ಕಿಂತ ಹತ್ತಿರ! ಆದರೆ ಬಡಿಯುವುದಿಲ್ಲ. ಮುಂದಿನ ನೂರು ವರ್ಷವೂ ಅದರಿಂದ ಅಪಾಯ ಇಲ್ಲ ಅಂತ 2021ರ ಅಳತೆಗಳು ತೋರಿಸಿವೆ.

ನಿಜವಾಗಿ ಒಂದು ಬಂದರೆ ತಡೆಯಬಹುದಾ?

ಮೊದಲೇ ಗೊತ್ತಾದರೆ ದಾರಿ ತಪ್ಪಿಸಬಹುದು. 2022ರ ಸೆಪ್ಟೆಂಬರ್ 26ರಂದು ನಾಸಾದ ಡಾರ್ಟ್ ನೌಕೆ ಡೈಮಾರ್ಫಸ್ ಎಂಬ ಪುಟ್ಟ ಕ್ಷುದ್ರಗ್ರಹಕ್ಕೆ ಬೇಕೆಂದೇ ಡಿಕ್ಕಿ ಹೊಡೆಯಿತು. ಅದು ತನ್ನ ಜೊತೆಗಾರ ಬಂಡೆಯನ್ನು ಸುತ್ತಲು 11 ಗಂಟೆ 55 ನಿಮಿಷ ತೆಗೆದುಕೊಳ್ಳುತ್ತಿತ್ತು. ಡಿಕ್ಕಿಯ ನಂತರ ಅರ್ಧ ಗಂಟೆಗೂ ಜಾಸ್ತಿ ಕಡಿಮೆಯಾಯಿತು. ಹೆದರಿದ ಮಕ್ಕಳಿಗೆ ಇದನ್ನು ತಪ್ಪದೆ ಹೇಳಿ.

ಧೂಮಕೇತು ಅಪಶಕುನ ಅಂತ ಮನೆಯಲ್ಲಿ ಹೇಳಿರುತ್ತಾರೆ. ಹಿರಿಯರಿಗೆ ನೋವಾಗದ ಹಾಗೆ ಹೇಗೆ ಹೇಳುವುದು?

ಬೇಡದವರು ಬಂದರೆ "ಧೂಮಕೇತು ಥರ ವಕ್ಕರಿಸಿದ" ಅನ್ನುವ ಮಾತು ನಮ್ಮಲ್ಲೇ ಇದೆ. ಈ ಭಯ ನಮ್ಮದು ಮಾತ್ರ ಅಲ್ಲ. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಭೂಮಿ ಅದರ ಬಾಲದೊಳಗೆ ಹಾದುಹೋಗುತ್ತದೆ, ವಿಷಗಾಳಿ ತುಂಬುತ್ತದೆ ಅಂತ ಯುರೋಪು, ಅಮೆರಿಕದಲ್ಲೂ ಜನ ಕಂಗಾಲಾಗಿದ್ದರು. ಧೂಮಕೇತುವಿಗೆ ಮದ್ದು ಅಂತ ಮಾತ್ರೆ ಮಾರಿದವರೂ ಇದ್ದರು. ಬಾಲ ಎಷ್ಟು ತೆಳುವೆಂದರೆ ಏನೂ ಆಗಲಿಲ್ಲ.

ನಾನು ಮಕ್ಕಳಿಗೆ ಮನೆಗೆಲಸ ಕೊಡುತ್ತೇನೆ: ಅಜ್ಜ ಅಜ್ಜಿಯನ್ನು ಕೇಳಿ ಬನ್ನಿ, ಬಾಲದ ಚುಕ್ಕಿ ನೋಡಿದ್ದೀರಾ ಅಂತ. 1997ರ ಹೇಲ್-ಬಾಪ್ ನೋಡಿದವರು ಎಷ್ಟೋ ಮನೆಗಳಲ್ಲಿ ಇದ್ದಾರೆ. 2024ರ ಅಕ್ಟೋಬರ್ ಆಸುಪಾಸಿನಲ್ಲಿ ಬೆಂಗಳೂರಿನಿಂದಲೂ ತ್ಸುಚಿನ್‌ಶಾನ್-ಅಟ್ಲಾಸ್ ಕಂಡಿತ್ತು. ಹಿರಿಯರು ಕಥೆ ಹೇಳುವವರಾದರೆ ಜಗಳಕ್ಕೆ ಜಾಗ ಇರುವುದಿಲ್ಲ.

ಬಾಲ ಯಾವಾಗಲೂ ಹಿಂದಕ್ಕೇ ಇರುತ್ತದಾ?

ಇಲ್ಲ. ಬಾಲ ಸದಾ ಸೂರ್ಯನಿಂದ ಆಚೆಯ ದಿಕ್ಕಿಗೆ ಚಾಚಿರುತ್ತದೆ. ಸೂರ್ಯನಿಂದ ದೂರ ಹೋಗುವಾಗ ಧೂಮಕೇತು ಬಾಲವನ್ನು ಮುಂದೆ ಚಾಚಿಕೊಂಡೇ ಹೋಗುತ್ತದೆ. ಅಂಗಳದಲ್ಲಿ ಒಂದು ಮಗು ಸೂರ್ಯನಾಗಿ ನಿಲ್ಲಲಿ. ಇನ್ನೊಂದು ಮಗು ಜಡೆಯ ರಿಬ್ಬನ್ ಕಟ್ಟಿದ ಚೆಂಡು ಹಿಡಿದು ಸುತ್ತಲಿ. ರಿಬ್ಬನ್ ಸದಾ "ಸೂರ್ಯ"ನಿಂದ ಆಚೆಗೆ ಇರುವ ಹಾಗೆ ಮೂರನೆಯವರು ಹಿಡಿದುಕೊಂಡು ಓಡಲಿ. ಹತ್ತು ನಿಮಿಷದ ಆಟ.

ಉಲ್ಕೆಗಳನ್ನು ನೋಡಲು ಒಳ್ಳೆಯ ಸಮಯ ಯಾವುದು?

ನಮ್ಮ ಕಡೆಗೆ ಡಿಸೆಂಬರ್ 13 ಮತ್ತು 14ರ ರಾತ್ರಿಯ ಜೆಮಿನಿಡ್ಸ್ ಉಲ್ಕಾವೃಷ್ಟಿ. ಆಗಸ್ಟ್‌ನ ಪರ್ಸೀಡ್ಸ್ ಹೆಸರುವಾಸಿ, ಆದರೆ ನಮಗೆ ಆಗ ಮಳೆಗಾಲ, ಮೋಡ ಬಿಡುವುದಿಲ್ಲ. ದೂರದರ್ಶಕ ಬೇಡ. ದೀಪಗಳಿಂದ ದೂರ ಚಾಪೆ ಹಾಸಿ ಮಲಗಿ. ಕಣ್ಣು ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಕೊಡಿ. ಮೊಬೈಲ್ ತೆಗೆದರೆ ಅದೆಲ್ಲ ವ್ಯರ್ಥ. ನಡುರಾತ್ರಿಯ ಆಸುಪಾಸಿನಲ್ಲಿ ಜಾಸ್ತಿ ಕಾಣುತ್ತವೆ. ಹೆಚ್ಚಿನ ಉಲ್ಕಾವೃಷ್ಟಿಗಳು ಧೂಮಕೇತು ಬಿಟ್ಟುಹೋದ ದೂಳಿನಿಂದ ಆಗುತ್ತವೆ. ಜೆಮಿನಿಡ್ಸ್ ಮಾತ್ರ ಫೇಥಾನ್ ಎಂಬ ಕ್ಷುದ್ರಗ್ರಹದ್ದು. ಪೋಷಕರ ಒಪ್ಪಿಗೆ, ಸ್ವೆಟರ್, ಒಂದು ನೋಟ್‌ಬುಕ್ ಇರಲಿ. ಪ್ರತಿ ಹದಿನೈದು ನಿಮಿಷಕ್ಕೆ ಎಷ್ಟು ಕಂಡವು ಅಂತ ಒಬ್ಬರು ಗೀಟು ಹಾಕುತ್ತಾ ಹೋಗಲಿ.

ಮಗು ಒಂದು ಕಪ್ಪು ಕಲ್ಲು ತಂದು "ಇದು ಉಲ್ಕಾಶಿಲೆ" ಅನ್ನುತ್ತದೆ. ಪರೀಕ್ಷಿಸುವುದು ಹೇಗೆ?

ಬಹುತೇಕ ಸಲ ಅಲ್ಲ, ಆದರೂ ಪರೀಕ್ಷೆ ಮಾಡಿ. ನಮ್ಮ ರಾಜ್ಯದಲ್ಲಿ ಕಬ್ಬಿಣದ ಅದಿರೂ, ಹಳೆ ಕುಲುಮೆಗಳ ಕಿಟ್ಟವೂ ಬೇಕಾದಷ್ಟು ಸಿಗುತ್ತವೆ. ಕಿಟ್ಟದಲ್ಲಿ ಗುಳ್ಳೆಯ ತೂತುಗಳಿರುತ್ತವೆ, ಉಲ್ಕಾಶಿಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಟೈಲ್ಸ್‌ನ ಹಿಂಬದಿಯ ಒರಟು ಮೈಗೆ ಉಜ್ಜಿ. ಕೆಂಪು ಗೀಟು ಬಂದರೆ ಹೆಮಟೈಟ್ ಅದಿರು, ದಟ್ಟ ಕಪ್ಪು ಬಂದರೆ ಮ್ಯಾಗ್ನಟೈಟ್. ಗೀಟೇ ಬಾರದೆ, ಗಾತ್ರಕ್ಕೆ ಮೀರಿದ ಭಾರ ಇದ್ದು, ಅಯಸ್ಕಾಂತ ಎಳೆದು, ಮೇಲೆ ಸುಟ್ಟ ತೆಳ್ಳನೆ ಕಪ್ಪು ಪದರ ಇದ್ದರೆ ಕುತೂಹಲದಿಂದ ಎದೆ ಹೊಡೆದುಕೊಳ್ಳಬಹುದು. ಆಗ ಒಡೆಯಬೇಡಿ, ತೊಳೆಯಬೇಡಿ. ಸಿಕ್ಕ ಜಾಗ, ದಿನ ಬರೆದಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ. ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಾಡುವುದು ಅವರೇ, ಬೆಂಗಳೂರಿನಲ್ಲೂ ಅವರ ಕಚೇರಿ ಇದೆ.

ನಮ್ಮಲ್ಲಿ ಬೀಳುವುದೇ ಇಲ್ಲ ಅಂತ ಮಕ್ಕಳಿಗೆ ಅನ್ನಿಸಬಾರದು. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿ ಕಡೆ ಉಲ್ಕಾಶಿಲೆಗಳು ಬಿದ್ದ ದಾಖಲೆ ಇದೆ. ಬಿದ್ದ ಊರಿನ ಹೆಸರನ್ನೇ ಕಲ್ಲಿಗೆ ಇಡುವುದು ಪದ್ಧತಿ. ಹಾಗಾಗಿ ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ಈ ಎರಡೂ ಊರುಗಳು ಇವೆ, ಅಂದಿನವರು ಬರೆದ ಕಾಗುಣಿತದಲ್ಲೇ.